ನಾರಾದಲ್ಲಿ ಒಂದು ಭಾನುವಾರ: ಬುದ್ಧ, ಜಿಂಕೆ ಮತ್ತು ಅಮ್ಮನ ಬಟ್ಟಲಿನ ಸಾರು

ಯೊದೊ ದಂಡೆಯವ

ಎಲ್ಲರಿಗೂ ನಮಸ್ಕಾರ. ನಾವು ಒಸಾಕಾದಲ್ಲಿ ನೆಲೆಸಿ ಮೂರು ವರ್ಷಗಳಾದವು. ಈ ಏಪ್ರಿಲ್‌ನಲ್ಲಿ ಅಮ್ಮ ತೀರ್ಥಹಳ್ಳಿಯಿಂದ ಎರಡು ತಿಂಗಳ ಮಟ್ಟಿಗೆ ಬಂದಿದ್ದಾರೆ. ಅವರಿಗೆ 71 ವರ್ಷ, ಮಂಡಿನೋವು ಇದೆ, ಮೊಟ್ಟೆಯನ್ನೂ ಮುಟ್ಟಿದವರಲ್ಲ. ಹೋದ ಭಾನುವಾರ ಅಮ್ಮ, ನನ್ನ ಹೆಂಡತಿ, 7 ವರ್ಷದ ಮಗಳು ಮತ್ತು ನಾನು ನಾರಾಕ್ಕೆ ಹೋಗಿ ಬಂದೆವು. ಮನೆಗೆ ಹಿರಿಯರು ಬಂದಾಗ ಹೀಗೊಂದು ದಿನ ಕಳೆಯಬೇಕೆಂದುಕೊಂಡವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ; ಕೊನೆಯಲ್ಲಿ ನನ್ನದೊಂದು ಪ್ರಶ್ನೆಯೂ ಇದೆ.

ನಂಬಾದಿಂದ ಕಿಂತೆತ್ಸು ರೈಲಿನಲ್ಲಿ ಸುಮಾರು 40 ನಿಮಿಷಗಳ ದಾರಿ. ಇಕೋಮಾ ಬೆಟ್ಟದ ಸುರಂಗ ದಾಟಿ ಸ್ವಲ್ಪ ಹೊತ್ತಿನ ಮೇಲೆ ರೈಲು ಹಳೆಯ ಹೇಯ್‌ಜೋ ಅರಮನೆಯ ಬಯಲಿನ ನಡುವೆಯೇ ಹಾದುಹೋಗುತ್ತದೆ. ನಾರಾ 710ರಿಂದ 784ರವರೆಗೆ ಜಪಾನಿನ ರಾಜಧಾನಿಯಾಗಿತ್ತು. ಆ ಅರಮನೆಯಲ್ಲಿ ಉಳಿದಿರುವುದು ಬಯಲು ಮಾತ್ರ. ಬಲಗಡೆಯ ಕಿಟಕಿಯಿಂದ ಮರುನಿರ್ಮಿಸಿದ ಸುಜಾಕು ಮಹಾದ್ವಾರವೂ ಎಡಗಡೆಯಿಂದ ಆಸ್ಥಾನಮಂಟಪವೂ ಕಾಣುತ್ತವೆ. ಇದನ್ನು ಮೊದಲೇ ಹೇಳಿಟ್ಟಿದ್ದರಿಂದ ಮಗಳು ಒಂದು ಕಡೆ, ಅಮ್ಮ ಇನ್ನೊಂದು ಕಡೆ ಕಾಯುತ್ತ ಕುಳಿತಿದ್ದರು.

ನಿಲ್ದಾಣದಿಂದ ಹತ್ತು ನಿಮಿಷ ನಡೆಯುವಷ್ಟರಲ್ಲಿ ಜಿಂಕೆಗಳು ಎದುರಾದವು. ಬಿಸ್ಕತ್ತಿನಂಥ ‘ಶಿಕಾ ಸೆಂಬೇಯ್’ ಕಟ್ಟೊಂದಕ್ಕೆ 200 ಯೆನ್. ಗೋಧಿಹಿಟ್ಟು ಮತ್ತು ಅಕ್ಕಿತವುಡಿನಿಂದ ಮಾಡುವ ಅದಕ್ಕೆ ಸಕ್ಕರೆ ಹಾಕುವುದಿಲ್ಲ. ತೋರಿಸಿದರೆ ಜಿಂಕೆ ತಲೆ ಬಾಗಿಸುತ್ತದೆ, ಕೊಡಲು ತಡಮಾಡಿದರೆ ಮತ್ತೆ ಬಾಗಿಸುತ್ತದೆ, ಮೂರನೆಯ ಸಲ ಸೀರೆ ಹಿಡಿಯುತ್ತದೆ. ಅಮ್ಮ ಮೊದಲ ನಮಸ್ಕಾರಕ್ಕೆ ಕೈಮುಗಿದು ಪ್ರತಿನಮಸ್ಕಾರ ಮಾಡಿದರು. ಅಷ್ಟು ಹೊತ್ತಿಗೆ ಹಿಂದಿನಿಂದ ಬಂದ ಇನ್ನೊಂದು ಜಿಂಕೆ ಸೆರಗಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿತ್ತು. ಅವರ ಚೀಲದಲ್ಲಿ ಬಾಳೆಹಣ್ಣು ಇದೆಯೆಂಬುದು ನಮಗಿಂತ ಮೊದಲು ಅದಕ್ಕೆ ತಿಳಿದಿತ್ತು.

ತೋದಾಯ್‌ಜಿ ಎಂಬ ಬೌದ್ಧ ದೇವಾಲಯದ ಮಹಾಬುದ್ಧನ ಮುಂದೆ ಅಮ್ಮ ಬಹಳ ಹೊತ್ತು ನಿಂತರು. ಸುಮಾರು 15 ಮೀಟರ್ ಎತ್ತರದ ಕಂಚಿನ ವೈರೋಚನ ಮೂರ್ತಿಯದು. ಹಿಂಭಾಗದಿಂದ ಸುತ್ತಿ ಬರಲು ದಾರಿಯಿದ್ದುದರಿಂದ ಪ್ರದಕ್ಷಿಣೆಯೂ ಆಯಿತು. ಅಲ್ಲೇ ಒಂದು ಕಂಬದ ಬುಡದಲ್ಲಿ ಚೌಕಾಕಾರದ ರಂಧ್ರವಿದೆ. ಅದು ಬುದ್ಧನ ಮೂಗಿನ ಹೊಳ್ಳೆಯಷ್ಟೇ ಅಗಲವೆಂದು ಹೇಳುತ್ತಾರೆ. ಮಗಳು ಎರಡು ಸಲ ನುಸುಳಿದಳು. ಹೊರಗೆ ಜಗಲಿಯಲ್ಲಿ ಕೆಂಪು ಬಟ್ಟೆ ಹೊದ್ದ ಬಿಂಜುರು ಎಂಬ ಮರದ ಮೂರ್ತಿಯಿದೆ. ಅದರ ಯಾವ ಅಂಗವನ್ನು ಮುಟ್ಟಿ ತಮ್ಮ ಅದೇ ಅಂಗವನ್ನು ಸವರಿಕೊಂಡರೆ ಅಲ್ಲಿನ ನೋವು ಹೋಗುತ್ತದೆಂಬ ನಂಬಿಕೆ. ಅಮ್ಮ ಅದರ ಮಂಡಿಯನ್ನೂ ತಮ್ಮ ಮಂಡಿಯನ್ನೂ ಸವರುತ್ತಿದ್ದಾಗ ಪಕ್ಕದಲ್ಲಿ ಅವರಷ್ಟೇ ವಯಸ್ಸಿನ ಜಪಾನೀ ಅಜ್ಜಿಯೊಬ್ಬರು ಅದನ್ನೇ ಮಾಡುತ್ತಿದ್ದರು. ಇಬ್ಬರೂ ಪರಸ್ಪರ ಮಂಡಿ ತೋರಿಸಿಕೊಂಡು ನಕ್ಕರು. ಇಡೀ ದಿನದಲ್ಲಿ ಅಮ್ಮ ನನ್ನ ಸಹಾಯವಿಲ್ಲದೆ ನಡೆಸಿದ ಏಕೈಕ ಸಂಭಾಷಣೆ ಅದು.

ಇನ್ನು ಪ್ರಶ್ನೆ. ಮಧ್ಯಾಹ್ನ ಒಂದು ಸಣ್ಣ ಹೋಟೆಲಿನಲ್ಲಿ ‘ನ್ಯೂಮೆನ್’ ತೆಗೆದುಕೊಂಡೆವು. ಈ ಸೀಮೆಯ ಮಿವಾ ಸೋಮೆನ್ ಎಂಬ ನಮ್ಮ ಶ್ಯಾವಿಗೆಯಷ್ಟೇ ತೆಳುವಾದ ಎಳೆಗಳನ್ನು ಬಿಸಿ ಸಾರಿನಲ್ಲಿ ಬಡಿಸುವ ತಿನಿಸು ಅದು. ಮಾಂಸವಿಲ್ಲವೇ, ಮೀನಿಲ್ಲವೇ ಎಂದು ನಾನು ಕೇಳಿದೆ. ಇಲ್ಲವೆಂದರು. ಅಮ್ಮ ಅರ್ಧ ಬಟ್ಟಲು ತಿಂದು, “ಶ್ಯಾವಿಗೆ ಚೆನ್ನಾಗಿದೆ ಕಣೋ, ಸಾರಿಗೆ ಮಾತ್ರ ಏನೋ ಹೊಗೆಯ ವಾಸನೆ” ಎಂದರು. ಹಣ ಕೊಡುವಾಗ ಒಳಗಿನ ಒಲೆಯ ಪಕ್ಕದಲ್ಲಿ ಒಣಮೀನಿನ ಸಿಪ್ಪೆಗಳನ್ನು ಸೋಸುತ್ತಿದ್ದುದನ್ನು ಕಂಡೆ. ಅಮ್ಮನಿಗೆ ನಾನಿನ್ನೂ ಹೇಳಿಲ್ಲ. ಹೇಳಬೇಕೇ?

ತುಂಗಾತೀರ

ಹೇಳಬೇಡಿ. ತಿಳಿಯದೆ ತಿಂದದ್ದಕ್ಕೆ ದೋಷವಿಲ್ಲವೆಂದು ನಮ್ಮ ಮನೆಯ ಹಿರಿಯರೇ ಹೇಳುತ್ತಿದ್ದರು. ಈಗ ಹೇಳಿದರೆ ನಿಮ್ಮ ಮನಸ್ಸು ಹಗುರವಾಗುತ್ತದೆ, ಅವರ ಮನಸ್ಸು ಭಾರವಾಗುತ್ತದೆ. ಅಂಥ ಲೆಕ್ಕಾಚಾರ ನನಗೆ ಸರಿಕಾಣುವುದಿಲ್ಲ. ಉಳಿದಿರುವ ದಿನಗಳಲ್ಲಿ ಅವರು ಹೊರಗೆ ನೀರು ಕುಡಿಯುವುದಕ್ಕೂ ಅನುಮಾನಿಸುವಂತಾದೀತು.

ಕ್ಯೋಟೋ ವಿದ್ಯಾರ್ಥಿನಿ

ಹೇಳುವ ಬಿಡುವ ಮಾತನ್ನು ಹಿರಿಯರಿಗೆ ಬಿಡುತ್ತೇನೆ. ಆದರೆ ಆ ಹೋಟೆಲಿನವರು ಸುಳ್ಳು ಹೇಳಲಿಲ್ಲವೆಂಬುದನ್ನು ವಿವರಿಸುವುದು ಅಗತ್ಯ. ನಾಲ್ಕು ವರ್ಷಗಳಿಂದ ಇಲ್ಲಿ ಸಸ್ಯಾಹಾರಿಯಾಗಿ ಬದುಕುತ್ತಿರುವ ನಾನು ಇದೇ ಗುಂಡಿಗೆ ಹಲವು ಸಲ ಬಿದ್ದಿದ್ದೇನೆ.

‘ಸಕಾನಾ’ (ಮೀನು) ಎಂದರೆ ಅವರ ಮನಸ್ಸಿಗೆ ಬರುವುದು ತಟ್ಟೆಯಲ್ಲಿ ಕಾಣುವ ಮೀನು. ಸಾರಿನ ತಳಹದಿಯಾದ ‘ದಾಶಿ’ ಅವರಿಗೆ ಮೀನಲ್ಲ. ನಮಗೆ ಒಗ್ಗರಣೆ ಹೇಗೋ ಹಾಗೆ, ಪದಾರ್ಥಗಳ ಪಟ್ಟಿಯಲ್ಲಿ ಎಣಿಕೆಗೇ ಬಾರದ ವಸ್ತು. ಕತ್ಸುವೊ ಎಂಬ ಟ್ಯೂನಾ ಜಾತಿಯ ಮೀನನ್ನು ಬೇಯಿಸಿ, ಮತ್ತೆ ಮತ್ತೆ ಹೊಗೆಯಲ್ಲಿ ಒಣಗಿಸಿದರೆ ಅದು ಮರದ ತುಂಡಿನಷ್ಟು ಗಟ್ಟಿಯಾಗುತ್ತದೆ. ಅದನ್ನು ಬಡಗಿಯ ಉಜ್ಜುಗೊರಡಿನಂಥ ಸಾಧನದಲ್ಲಿ ಹೆರೆದು, ಬಿಸಿನೀರಿನಲ್ಲಿ ನೆನೆಸಿ ಸೋಸುತ್ತಾರೆ. ನಿಮ್ಮ ತಾಯಿಯವರು ಹೊಗೆಯ ವಾಸನೆ ಎಂದದ್ದು ಅಕ್ಷರಶಃ ಸತ್ಯ. ಅವರ ನಾಲಿಗೆಗೆ ನನ್ನ ನಮಸ್ಕಾರ.

ಆದ್ದರಿಂದ ಮೀನಿದೆಯೇ ಎಂದು ಕೇಳಿದರೆ ಪ್ರಯೋಜನವಿಲ್ಲ. “ಕತ್ಸುವೊ ದಾಶಿ ಹೈತ್ತೆ ಇಮಾಸು ಕಾ” (ಕತ್ಸುವೊ ದಾಶಿ ಹಾಕಿದೆಯೇ) ಎಂದು ದಾಶಿಯ ಹೆಸರು ಹಿಡಿದೇ ಕೇಳಬೇಕು. ಕೊಂಬು ಎಂಬ ಕಡಲಪಾಚಿಯ ದಾಶಿಯೂ ಇದೆ, ಅದು ನಮಗೆ ಸಲ್ಲುತ್ತದೆ. ಬೌದ್ಧ ಮಠಗಳ ‘ಶೋಜಿನ್’ ಅಡುಗೆಯಲ್ಲಿ ಮೀನಿನ ದಾಶಿ ಇರುವುದಿಲ್ಲ, ಸಾಂಪ್ರದಾಯಿಕವಾಗಿ ಮಾಡಿದ್ದರೆ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಉದೋನ್ ಎಂಬ ದಪ್ಪ ಶ್ಯಾವಿಗೆಯ ಸಾರು, ಸೋಬಾ ಎಂಬ ಶ್ಯಾವಿಗೆಯನ್ನು ಅದ್ದಿಕೊಳ್ಳುವ ದ್ರವ, ಇನಾರಿ ಸುಶಿಯ ಸಿಹಿ ತೋಫು ಚೀಲ, ಟೆಂಪುರಾ ಎಂಬ ಬಜ್ಜಿಯ ಜೊತೆಯ ಗೊಜ್ಜು, ಇವೆಲ್ಲವುಗಳಲ್ಲಿ ಸಾಮಾನ್ಯವಾಗಿ ಮೀನಿನ ದಾಶಿ ಇರುತ್ತದೆ. ಸೌತೆಕಾಯಿಯ ‘ಕಪ್ಪಾಮಾಕಿ’ ಸುರುಳಿ ಬಹುಮಟ್ಟಿಗೆ ನಿರಪಾಯ.

ಅರ್ಧದಿನವೇ ಸಾಕು

ನಾನೊಂದು ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ನಾರಾಕ್ಕೆ ಇಡೀ ದಿನ ಕೊಡುವುದೇ ತಪ್ಪು. ಬೆಳಿಗ್ಗೆ ಕ್ಯೋಟೋದಿಂದ ಹೊರಟು, ಬುದ್ಧನನ್ನೂ ಜಿಂಕೆಗಳನ್ನೂ ನೋಡಿ, ಊಟದ ಹೊತ್ತಿಗೆ ಹಿಂದಿರುಗಿದರೆ ಊಟದ ಸಮಸ್ಯೆಯೂ ಉಳಿಯುತ್ತಿರಲಿಲ್ಲ. ಸಂಜೆಗೆ ಫುಶಿಮಿ ಇನಾರಿ ಎಂಬ ಬೆಟ್ಟದ ದೇವಾಲಯವನ್ನೂ ಸೇರಿಸಿಕೊಳ್ಳಬಹುದಿತ್ತು, ಅದೇ ರೈಲುದಾರಿಯಲ್ಲಿದೆ.

ಯೊದೊ ದಂಡೆಯವ

ಮಂಡಿನೋವಿನ ಅಮ್ಮನನ್ನು ಒಂದೇ ದಿನ ತೋದಾಯ್‌ಜಿಗೂ ಫುಶಿಮಿ ಇನಾರಿಯ ಬೆಟ್ಟಕ್ಕೂ ಕರೆದೊಯ್ದರೆ ಬಿಂಜುರು ಕೂಡ ಕೈಚೆಲ್ಲಿಯಾನು.

ಹಿರಿಯರೂ ಮಕ್ಕಳೂ ಜೊತೆಗಿರುವ ದಿನವನ್ನು ಸ್ಥಳಗಳ ಲೆಕ್ಕದಿಂದ ಕಟ್ಟಬಾರದು, ಕೂರುವ ಜಾಗ ಮತ್ತು ತಿನ್ನುವ ಹೊತ್ತಿನ ಲೆಕ್ಕದಿಂದ ಕಟ್ಟಬೇಕು ಎಂಬುದು ನನ್ನ ಅನುಭವ. ನಾವು ನೋಡಿದ್ದು ಮೂರೇ ಜಾಗ. ಮೂರನೆಯದು ತೋದಾಯ್‌ಜಿಯ ಹಿಂದಿನ ಇಳಿಜಾರಿನಲ್ಲಿರುವ ನಿಗಾತ್ಸುದೋ ಎಂಬ ಗುಡಿ. ಅಲ್ಲಿಗೆ ಹೋಗುವ ಕಲ್ಲುಹಾಸಿನ ದಾರಿಯ ಇಕ್ಕೆಲಗಳಲ್ಲೂ ಮಣ್ಣುಗೋಡೆಗಳಿವೆ; ಅಮ್ಮ ಮೂರು ಕಡೆ ಕುಳಿತು ಸುಧಾರಿಸಿಕೊಂಡು ಹತ್ತಿದರು. ಮೇಲಿನ ಮರದ ಜಗಲಿ ಪಶ್ಚಿಮಕ್ಕೆ ಮುಖಮಾಡಿದೆ. ಮಹಾಬುದ್ಧನ ಸಭಾಂಗಣದ ಮಾಡು, ಅದರ ಎರಡು ತುದಿಗಳ ಚಿನ್ನದ ಬಣ್ಣದ ಕೊಂಬುಗಳು, ಅದರಾಚೆ ಊರು, ಇಕೋಮಾದ ಸಾಲು, ಎಲ್ಲವೂ ಕಾಲಬುಡದಲ್ಲಿ ಹರಡಿಕೊಂಡಿತ್ತು. ಪ್ರವೇಶಶುಲ್ಕವಿಲ್ಲ, ಸಂಜೆ ಬಾಗಿಲು ಹಾಕುವ ಅವಸರವೂ ಇಲ್ಲ. ಮಾರ್ಚ್ ಮೊದಲ ಎರಡು ವಾರ ಇದೇ ಜಗಲಿಯ ಮೇಲೆ ಭಿಕ್ಷುಗಳ ಸಹಾಯಕರು ದೊಡ್ಡ ದೊಡ್ಡ ಪಂಜುಗಳನ್ನು ಹಿಡಿದು ಓಡುತ್ತಾರೆ. 752ರಲ್ಲಿ ಆರಂಭವಾದ ಆ ವ್ರತ ಒಂದು ವರ್ಷವೂ ತಪ್ಪಿಲ್ಲವೆನ್ನುತ್ತಾರೆ. ಊಟಕ್ಕೆ ಹಿಂದಿರುಗಿದ್ದರೆ ಈ ಸೂರ್ಯಾಸ್ತ ನಮಗೆಲ್ಲಿ ಸಿಗುತ್ತಿತ್ತು?

ಕಲ್ಲುಕುಟಿಗ

ಬಿಂಜುರುವಿನ ಮಾತು ಬಂದದ್ದರಿಂದ ಹೇಳುತ್ತೇನೆ. ಆ ಹೆಸರು ‘ಪಿಂಡೋಲ’ ಎಂಬುದರ ಜಪಾನೀ ರೂಪ. ಬುದ್ಧನ ಶಿಷ್ಯನಾದ ಪಿಂಡೋಲ ಭಾರದ್ವಾಜನೇ ಅಲ್ಲಿ ಕೆಂಪು ಬಟ್ಟೆ ಹೊದ್ದು ಕುಳಿತಿರುವವನು. ಪವಾಡಶಕ್ತಿಯನ್ನು ಜನರೆದುರು ಪ್ರದರ್ಶಿಸಿದ್ದಕ್ಕಾಗಿ ಬುದ್ಧನಿಂದ ಬೈಸಿಕೊಂಡವನೆಂಬ ಕಥೆ ಅವನದು. ಅದಕ್ಕೇ ಅವನ ಸ್ಥಾನ ಒಳಗಲ್ಲ, ಹೊರಗಿನ ಜಗಲಿ.

ಭಾರತದೊಂದಿಗೆ ಮಹಾಬುದ್ಧನ ನಂಟು ಇನ್ನೂ ಹತ್ತಿರದ್ದು. ಶೋಮು ಚಕ್ರವರ್ತಿ ಈ ಮೂರ್ತಿಯನ್ನು ಮಾಡಿಸಲು 743ರಲ್ಲಿ ಆಜ್ಞೆ ಹೊರಡಿಸಿದ. 752ರಲ್ಲಿ ನೇತ್ರೋನ್ಮೀಲನ ನಡೆದಾಗ ಕುಂಚ ಹಿಡಿದು ಕಣ್ಣು ಬರೆದವನು ಭಾರತದಿಂದ 736ರಲ್ಲಿ ಅಲ್ಲಿಗೆ ತಲುಪಿದ್ದ ಬೋಧಿಸೇನನೆಂಬ ಭಿಕ್ಷು. ಜಪಾನೀಯರು ಅವನನ್ನು ‘ಬಾರಾಮೊನ್ ಸೋಜೋ’ ಎನ್ನುತ್ತಾರೆ. ಆ ‘ಬಾರಾಮೊನ್’ ನಮ್ಮ ‘ಬ್ರಾಹ್ಮಣ’ ಶಬ್ದವೇ. ಕುಂಚಕ್ಕೆ ನೀಲಿಯ ದಾರವೊಂದನ್ನು ಕಟ್ಟಿ, ನೆರೆದವರು ಅದನ್ನು ಹಿಡಿದುಕೊಂಡು ಆ ಪುಣ್ಯದಲ್ಲಿ ಪಾಲು ಪಡೆದರು. ಕುಂಚವೂ ದಾರವೂ ಪಕ್ಕದ ಶೋಸೋಇನ್ ಭಂಡಾರದಲ್ಲಿ ಇಂದಿಗೂ ಇವೆ. ಮೂರ್ತಿ ಮಾತ್ರ 1180 ಮತ್ತು 1567ರ ಯುದ್ಧಗಳ ಬೆಂಕಿಗೆ ಸಿಕ್ಕಿತು. ಈಗಿನ ತಲೆ 17ನೇ ಶತಮಾನದ್ದು. ಮೊದಲ ಕಾಲದ ಭಾಗಗಳನ್ನು ನೋಡಬೇಕಾದರೆ ಪೀಠದ ಕಮಲದಳಗಳನ್ನು ಗಮನಿಸಬೇಕು. ಸಭಾಂಗಣ 1709ರಲ್ಲಿ ಮುಗಿದದ್ದು, ಮೊದಲಿನದಕ್ಕಿಂತ ಅಗಲ ಕಡಿಮೆ. ಕಡಿಮೆಯಾಗಿಯೂ 57 ಮೀಟರ್.

ನೀವು ಕೋಫುಕುಜಿ ಎಂಬ ಬೌದ್ಧ ದೇವಾಲಯವನ್ನು ಬಿಟ್ಟದ್ದು ನನಗೆ ಬೇಸರ. ಐದು ಅಂತಸ್ತಿನ ಗೋಪುರವನ್ನು ದುರಸ್ತಿಗಾಗಿ ಮುಚ್ಚಿರುವುದರಿಂದ ಹಲವರು ಆ ಕಡೆ ಹೋಗುವುದೇ ಇಲ್ಲ. ಆದರೆ ಅಲ್ಲಿನ ಸಂಗ್ರಹಾಲಯದಲ್ಲಿ 734ರ ‘ಅಶುರಾ’ ಇದ್ದಾನೆ, ಅಂದರೆ ನಮ್ಮ ಅಸುರ. ಮೂರು ಮುಖ, ಆರು ತೋಳು, ಎತ್ತರ 153 ಸೆಂಟಿಮೀಟರ್. ಯಕ್ಷಗಾನದ ಬಣ್ಣದ ವೇಷ ನೋಡಿ ಬೆಳೆದ ನನಗೆ ಅಸುರನೆಂದರೆ ಅಬ್ಬರ; ಇವನು ಹುಬ್ಬು ಗಂಟಿಕ್ಕಿ ಅಳು ತಡೆದುಕೊಂಡ ಹುಡುಗನಂತಿದ್ದಾನೆ. ಸೆಣಬಿನ ಬಟ್ಟೆಯನ್ನು ಅರಗಿನಂಥ ಮರದ ಅಂಟಿನಿಂದ ಪದರಪದರವಾಗಿ ಮಣ್ಣಿನ ಅಚ್ಚಿಗೆ ಅಂಟಿಸಿ, ಒಣಗಿದ ಮೇಲೆ ಒಳಗಿನ ಮಣ್ಣನ್ನು ತೆಗೆದ ಟೊಳ್ಳು ವಿಗ್ರಹವದು. ಹಗುರವಾದದ್ದರಿಂದಲೇ ಬೆಂಕಿ ಬಿದ್ದಾಗ ಹೊತ್ತುಕೊಂಡು ಹೊರಗೆ ಓಡಲು ಸಾಧ್ಯವಾಯಿತು. ಪಕ್ಕದಲ್ಲಿ ಗಂಧರ್ವ, ಕಿನ್ನರ, ಗರುಡರೂ ನಿಂತಿದ್ದಾರೆ. ಕೋಮ್ಯೋ ಮಹಾರಾಣಿ ತನ್ನ ತಾಯಿ ತೀರಿಕೊಂಡ ವರ್ಷಾಬ್ದಿಕಕ್ಕಾಗಿ ಇವನ್ನು ಮಾಡಿಸಿದಳು. ಅಮ್ಮನನ್ನು ಕರೆದುಕೊಂಡು ಹೋಗಲು ಇದಕ್ಕಿಂತ ತಕ್ಕ ಜಾಗ ನಾರಾದಲ್ಲಿಲ್ಲ, ಮೆಟ್ಟಿಲ ಕಾಟವೂ ಕಡಿಮೆ.

ಮೈಸೂರಿನ ಅಜ್ಜಿ

ನನ್ನ ಮಗನೂ ಹೊರದೇಶದಲ್ಲಿದ್ದಾನೆ, ಆದುದರಿಂದ ನಿಮ್ಮ ತಾಯಿಯ ಕಡೆಯಿಂದ ನಾನು ಎರಡು ಮಾತು ಬರೆಯಬಹುದು. ತುಂಗಾತೀರ ಅವರು ಹೇಳಿದಂತೆ ದೋಷವಿದೆಯೋ ಇಲ್ಲವೋ ನನಗೆ ತಿಳಿಯದು. ಆದರೆ ನಾಳೆ ಅವರು ಊರಿಗೆ ಹೋಗಿ ನೆರೆಮನೆಯವರಿಗೆ, “ಜಪಾನಿನಲ್ಲಿ ಶ್ಯಾವಿಗೆ ತಿಂದೆ, ಬಲು ಸೊಗಸಾಗಿತ್ತು” ಎಂದು ಹೇಳುತ್ತಾರೆ. ಕೇಳಿದವರ ಪೈಕಿ ತಿಳಿದವರೊಬ್ಬರು, “ಅದರಲ್ಲಿ ಮೀನಿನ ಸಾರು ಇರುತ್ತದಲ್ಲಮ್ಮ” ಎಂದುಬಿಟ್ಟರೆ? ಬೇರೆಯವರ ಬಾಯಿಂದ ಕೇಳುವುದು ಬೇರೆ, ಮಗನ ಬಾಯಿಂದ ಕೇಳುವುದು ಬೇರೆ. ಹೇಳಿಬಿಡಪ್ಪ.

ಅಂದಹಾಗೆ, ಆ ಊಟವಾದ ಮೇಲೆ ನೀವು ಬೇರೇನು ತಿಂದಿರಿ? ಅದನ್ನು ಬರೆಯಲೇ ಇಲ್ಲ.

ಯೊದೊ ದಂಡೆಯವ

ಅಜ್ಜಿಯವರೇ, ಊಟಕ್ಕಿಂತ ತಿಂಡಿಯ ಕಥೆಯೇ ಚೆನ್ನಾಗಿದೆ. ಸಾಂಜೋ ಬೀದಿಯಲ್ಲಿ ನಾಕಾತಾನಿದೋ ಎಂಬ ಅಂಗಡಿಯಿದೆ, ಮಾರುವುದು ‘ಮೋಚಿ’ ಎಂಬ ಅಂಟಕ್ಕಿಯ ಉಂಡೆ. ಬೇಯಿಸಿದ ಅಂಟಕ್ಕಿಯನ್ನು ದೊಡ್ಡ ಒರಳಿಗೆ ಹಾಕಿ ಮರದ ಕೊಡತಿಯಿಂದ ಕುಟ್ಟುತ್ತಾರೆ. ಒಬ್ಬರು ಬಡಿದು ಕೊಡತಿ ಎತ್ತುವ ಕ್ಷಣದಲ್ಲಿ ಇನ್ನೊಬ್ಬರು ಬರಿಗೈ ಹಾಕಿ ಮುದ್ದೆಯನ್ನು ಮಗುಚಬೇಕು. ಕೂಗು ಹಾಕಿಕೊಂಡೇ ಮಾಡುತ್ತಾರೆ. ವೇಗ ಹೆಚ್ಚಿದಾಗ ಕಣ್ಣಿಗೆ ಕೈ ಕಾಣುವುದಿಲ್ಲ. ಅಮ್ಮ ಜನರ ನಡುವೆ ಮುಂದೆ ನುಗ್ಗಿ ನಿಂತು, ಅಜ್ಜಿಯ ಕಾಲದಲ್ಲಿ ಇಬ್ಬರು ಹೆಂಗಸರು ಒಂದೇ ಒರಳಿಗೆ ಎರಡು ಒನಕೆ ಹಾಕಿ ಅವಲಕ್ಕಿ ಕುಟ್ಟುತ್ತಿದ್ದುದನ್ನು ಮೊಮ್ಮಗಳಿಗೆ ಹೇಳತೊಡಗಿದರು. ಒನಕೆ ಎಂದರೇನೆಂದು ಅವಳು ಕೇಳಿದಳು. ಅದನ್ನು ವಿವರಿಸುವಷ್ಟರಲ್ಲಿ ಸರದಿ ಬಂತು.

ಆ ಮೋಚಿಯ ಹಸಿರು ಬಣ್ಣ ‘ಯೊಮೊಗಿ’ ಸೊಪ್ಪಿನದು. ಅಮ್ಮ ಉಂಡೆಯನ್ನು ಮೂಗಿನ ಬಳಿ ಹಿಡಿದವರೇ, “ಇದು ಮಾಚಿಪತ್ರೆಯ ವಾಸನೆ!” ಎಂದರು. ಮನೆಗೆ ಬಂದು ಹುಡುಕಿ ನೋಡಿದೆ. ಗಣಪತಿಗೆ ಏರಿಸುವ ಮಾಚಿಪತ್ರೆಯೂ ಯೊಮೊಗಿಯೂ ಒಂದೇ ಕುಲದ ಗಿಡಗಳು. ಒಳಗೆ ಕೆಂಪು ಕಾಳಿನ ಸಿಹಿ ಹೂರಣ, ಮೇಲೆ ಹುರಿದ ಸೋಯಾ ಪುಡಿ. ಬಿಸಿಯಿರುವಾಗಲೇ ತಿನ್ನಬೇಕು. ಅಮ್ಮ ಎರಡು ತಿಂದರು, ಮೂರನೆಯದನ್ನು ಮಗಳೊಂದಿಗೆ ಹಂಚಿಕೊಂಡರು.

ಆಮೇಲೆ ಯೋಶಿನೊ ಕಡೆಯ ಕುಜು ಗೆಡ್ಡೆಯ ಹಿಟ್ಟಿನಿಂದ ಮಾಡಿದ ಮೋಚಿ. ಬೆಲ್ಲದ ಪಾಕ ಸುರಿದು ಕೊಡುತ್ತಾರೆ. ಗಾಜಿನಂತೆ ಪಾರದರ್ಶಕ, ನಾಲಿಗೆಯ ಮೇಲೆ ಜಾರುತ್ತದೆ. “ಇದು ಕೂವೆ ಹಿಟ್ಟಿನ ಮಣ್ಣಿ, ಏಲಕ್ಕಿ ಹಾಕುವುದನ್ನು ಮರೆತಿದ್ದಾರೆ” ಎಂಬುದು ಅಮ್ಮನ ತೀರ್ಪು.

ಕ್ಯೋಟೋ ವಿದ್ಯಾರ್ಥಿನಿ

ಗಿಡ ಬೇರೆಯಾದರೂ ಮಾಡುವ ವಿಧಾನದಲ್ಲಿ ಅವರ ತೀರ್ಪು ಸರಿಯೇ. ಗೆಡ್ಡೆ ಜಜ್ಜಿ, ತಣ್ಣೀರಿನಲ್ಲಿ ಕದಡಿ, ತಳಕ್ಕೆ ನಿಂತ ಹಿಟ್ಟನ್ನು ಮತ್ತೆ ಮತ್ತೆ ತೊಳೆದು ಒಣಗಿಸುತ್ತಾರೆ. ಚಳಿಗಾಲದ ನೀರೇ ಆಗಬೇಕಂತೆ. ಕುಜು ಮೋಚಿ ಎಂಬ ಹೆಸರಿನಲ್ಲಿ ಬೇರೆ ಹಿಟ್ಟು ಬೆರೆಸಿದ್ದೂ ಸಿಗುತ್ತದೆ, ಕೇಳಿ ಕೊಳ್ಳಿ.

ನಾರಾದ ಇನ್ನೆರಡು ತಿನಿಸುಗಳ ಬಗ್ಗೆ ಎಚ್ಚರ ಹೇಳಿಬಿಡುತ್ತೇನೆ. ಎಲೆಯಲ್ಲಿ ಸುತ್ತಿದ ಅಂದವಾದ ‘ಕಾಕಿನೊಹಾ ಜುಶಿ’ ನೋಡಿ ನಮ್ಮ ಪತ್ರೊಡೆಯೆಂದೋ ಕೊಟ್ಟೆ ಕಡುಬೆಂದೋ ಮೋಸಹೋಗಬೇಡಿ. ಒಳಗಿರುವುದು ಉಪ್ಪು ಹಾಕಿದ ಮೀನು, ಎಲೆಯನ್ನು ತಿನ್ನುವುದೂ ಇಲ್ಲ. ‘ನಾರಾಜುಕೆ’ ಉಪ್ಪಿನಕಾಯಿಯಲ್ಲಿ ಮೀನಿಲ್ಲ, ಆದರೆ ತರಕಾರಿಯನ್ನು ಅಕ್ಕಿಮದ್ಯದ ಚರಟದಲ್ಲಿ ತಿಂಗಳುಗಟ್ಟಲೆ ನೆನೆಸಿರುತ್ತಾರೆ. ಹಿರಿಯರಿಗೆ ನಿಜವಾಗಿ ಹಿತವಾಗುವುದು ‘ಚಾಗಾಯು’, ಹುರಿದ ಚಹಾಸೊಪ್ಪಿನ ನೀರಿನಲ್ಲಿ ಬೇಯಿಸಿದ ತೆಳು ಅನ್ನದ ಗಂಜಿ. ಗಂಜಿಗೆ ದಾಶಿ ಹಾಕಿಲ್ಲವೆಂದು ಖಾತ್ರಿಪಡಿಸಿಕೊಂಡರೆ ಸಾಕು.

ಅರ್ಧದಿನವೇ ಸಾಕು

ನಿಗಾತ್ಸುದೋ ಜಗಲಿಯ ವಿವರಣೆ ಓದಿದ ಮೇಲೆ ನನ್ನ ಹೆಸರು ಬದಲಿಸಿಕೊಳ್ಳಬೇಕೇನೋ ಎನಿಸುತ್ತಿದೆ. ಒಂದು ಸಂದೇಹ: ಜಿಂಕೆಗೆ ಬಾಳೆಹಣ್ಣು ಕೊಟ್ಟಿರೋ ಇಲ್ಲವೋ?

ಯೊದೊ ದಂಡೆಯವ

ಅಮ್ಮ ಸುಲಿಯತೊಡಗಿದ್ದರು, ನಾನು ತಡೆದೆ. ದೇವಸ್ಥಾನದ ಹಸುವಿಗೆ ಬಾಳೆಹಣ್ಣು ಕೊಡುವವರಿಗೆ ಇದರಲ್ಲಿ ತಪ್ಪೇನೆಂದು ಅರ್ಥಮಾಡಿಸುವುದು ಸುಲಭವಾಗಲಿಲ್ಲ.

ಕಲ್ಲುಕುಟಿಗ

ಹೋಲಿಕೆ ಅಷ್ಟೇನೂ ದೂರದ್ದಲ್ಲ. 768ರಲ್ಲಿ ಕಾಸುಗಾ ದೇವಾಲಯ ಸ್ಥಾಪನೆಯಾದಾಗ ಅಲ್ಲಿನ ದೇವರು ಬಿಳಿಯ ಜಿಂಕೆಯನ್ನೇರಿ ಬಂದನೆಂದು ಐತಿಹ್ಯ. ಇವು ಅವನ ದೂತರು. ಆದರೂ ಅವು ಕಾಡುಪ್ರಾಣಿಗಳೇ, ಯಾರ ಸಾಕಣೆಯೂ ಅಲ್ಲ, 1957ರಿಂದ ರಾಷ್ಟ್ರೀಯ ನಿಸರ್ಗ ಸ್ಮಾರಕವೆಂಬ ರಕ್ಷಣೆ ಪಡೆದಿವೆ. ಸೆಂಬೇಯ್ ಬಿಟ್ಟು ಬೇರೇನನ್ನೂ ಕೊಡಬಾರದು. 2019ರಲ್ಲಿ ಸತ್ತ ಒಂದು ಜಿಂಕೆಯ ಹೊಟ್ಟೆಯಲ್ಲಿ 4 ಕಿಲೋಗೂ ಹೆಚ್ಚು ಪ್ಲಾಸ್ಟಿಕ್ ಸಿಕ್ಕಿತ್ತು. ತಿಂಡಿಯ ವಾಸನೆ ಹತ್ತಿದ ಚೀಲವನ್ನು ಅವು ಚೀಲಸಮೇತ ನುಂಗುತ್ತವೆ. ಮಕ್ಕಳೊಂದಿಗೆ ಹೋಗುವವರು ಶರತ್ಕಾಲದಲ್ಲಿ ಗಂಡು ಜಿಂಕೆಗಳಿಂದಲೂ ಮೇ, ಜೂನ್‌ಗಳಲ್ಲಿ ಮರಿಯಿರುವ ತಾಯಿಜಿಂಕೆಗಳಿಂದಲೂ ದೂರವಿರಿ. ಸೆಂಬೇಯ್ ಮುಗಿದ ಮೇಲೆ ಎರಡೂ ಅಂಗೈಗಳನ್ನು ಬಿಚ್ಚಿ ತೋರಿಸಿದರೆ ಸಾಮಾನ್ಯವಾಗಿ ಬಿಟ್ಟು ಹೋಗುತ್ತವೆ.

ಯೊದೊ ದಂಡೆಯವ

ನಿನ್ನೆ ರಾತ್ರಿ ಊಟದ ನಂತರ ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹಸಿರು ಉಂಡೆಯಲ್ಲಿ ಏನೂ ಇರಲಿಲ್ಲ ತಾನೇ?” ಎಂದು ಕೇಳಿದರು. ಇಲ್ಲವೆಂದೆ. “ಮಣ್ಣಿಯಲ್ಲಿ?” ಅದರಲ್ಲೂ ಇಲ್ಲವೆಂದೆ. ಇಷ್ಟು ದಿನ ಏಕೆ ಹೇಳಲಿಲ್ಲವೆಂಬ ಪ್ರಶ್ನೆಗೆ, ಇಲ್ಲಿ ಎಲ್ಲರ ಸಲಹೆ ಕೇಳುತ್ತಿದ್ದೆನೆಂದು ಸತ್ಯ ನುಡಿದದ್ದೇ ತಪ್ಪಾಯಿತು. “ನನ್ನ ಬಟ್ಟಲಿನ ವಿಷಯ ನನಗಿಂತ ಮೊದಲು ಊರಿಗೆಲ್ಲ ಗೊತ್ತಾಯಿತಲ್ಲ” ಎಂದು ಮೀನಿನ ವಿಚಾರಕ್ಕಿಂತ ಅದಕ್ಕೇ ಹೆಚ್ಚು ಸಿಟ್ಟಾದರು. ಬೆಳಿಗ್ಗೆ ಎಂದಿಗಿಂತ ಬೇಗ ಎದ್ದು ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಏಕಾದಶಿ ಯಾವಾಗ ಬರುತ್ತದೆಂದು ಕ್ಯಾಲೆಂಡರ್ ನೋಡಿದರು. ಆಮೇಲೆ ಆ ವಿಷಯ ಎತ್ತಲಿಲ್ಲ.

ಕಲ್ಲುಕುಟಿಗ ಅವರು ಬರೆದ ಅಸುರನ ವಿಚಾರವನ್ನು ಓದಿ ಹೇಳಿದೆ. ಬರುವ ಭಾನುವಾರ ಅವನನ್ನು ನೋಡಲು ಹೋಗುವುದೆಂದು ತೀರ್ಮಾನವಾಗಿದೆ. ಚಿತ್ರಾನ್ನ, ಚಪಾತಿ, ಚಟ್ನಿಪುಡಿಗಳನ್ನು ಅಮ್ಮನೇ ಕಟ್ಟಿಕೊಡುತ್ತಾರಂತೆ. ಮೋಚಿ ಮಾತ್ರ ಅಲ್ಲಿಯದೇ ಆಗಬೇಕಂತೆ. ಜಿಂಕೆಗಳ ಕಾಟವಿಲ್ಲದೆ ಬುತ್ತಿ ಬಿಚ್ಚಲು ಎಲ್ಲಿ ಕೂರಬಹುದು, ತಿಳಿದವರು ಹೇಳಿ.

ಕ್ಯೋಟೋ ವಿದ್ಯಾರ್ಥಿನಿ

ಉದ್ಯಾನದ ಹುಲ್ಲಿನ ಮೇಲೆ ಖಂಡಿತ ಬೇಡ, ಚಿತ್ರಾನ್ನದ ಡಬ್ಬಿ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ. ಕೋಫುಕುಜಿಯಿಂದ ದಕ್ಷಿಣಕ್ಕೆ ಇಳಿದು ಕೊಳ ದಾಟಿದರೆ ನಾರಾಮಾಚಿಯ ಹಳೆಯ ಮನೆಗಳ ಬೀದಿಗಳು ಸಿಗುತ್ತವೆ. ಆ ಕಡೆ ಜಿಂಕೆಗಳು ಕಡಿಮೆ, ಸಣ್ಣ ಮಕ್ಕಳ ಪಾರ್ಕುಗಳಲ್ಲಿ ಬೆಂಚುಗಳೂ ಇರುತ್ತವೆ. ಅಲ್ಲಿ ಮನೆಗಳ ಸೂರಿಗೆ ಕೆಂಪು ಬಟ್ಟೆಯ ಸಣ್ಣ ಕೋತಿಗೊಂಬೆಗಳನ್ನು ಸಾಲಾಗಿ ಇಳಿಬಿಟ್ಟಿರುತ್ತಾರೆ, ಮನೆಯವರಿಗೆ ಬರುವ ಕೇಡನ್ನು ಅವೇ ಹೊರುತ್ತವಂತೆ. ಬಾಗಿಲಿಗೆ ಬೂದುಗುಂಬಳ ಕಟ್ಟುವ ನಿಮ್ಮ ತಾಯಿಯವರಿಗೆ ವಿವರಿಸುವ ಶ್ರಮ ಬೀಳಲಾರದು. ಡಬ್ಬಿ ತೊಳೆದ ನೀರು, ಎಲೆ, ಕಾಗದ ಯಾವುದನ್ನೂ ಅಲ್ಲಿ ಬಿಡದೆ ಮನೆಗೇ ತನ್ನಿ. ಕಸದ ತೊಟ್ಟಿ ಸಿಗುವುದು ಅಪರೂಪ.

ಮೈಸೂರಿನ ಅಜ್ಜಿ

ಚಿತ್ರಾನ್ನಕ್ಕೆ ನಿಂಬೆಹುಳಿ ಸ್ವಲ್ಪ ಮುಂದಾಗಿಯೇ ಇರಲೆಂದು ಹೇಳಿ, ಮಧ್ಯಾಹ್ನದವರೆಗೆ ಇಡಬೇಕಲ್ಲ. ಸೀರೆಯ ಸೆರಗನ್ನು ಈ ಸಲ ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ.